ನಮ್ಮ ಅಪ್ಪನ ಮೇಲೆ ಒಂದು ಪಾಠ

ನಮ್ಮ ಅಪ್ಪ ಬೆಡ್‌ಶೀಟನ್ನು ಒಬ್ಬರೇ ಮಡಚುತ್ತಿದ್ದರು. ಒಣಗಿದ ಬೆಡ್‌ಶೀಟಿನ ಎರಡು ಮೂಲೆಗಳನ್ನು ಕಿಟಕಿಯ ಕಂಬಿಗೆ ಸಿಕ್ಕಿಸುತ್ತಿದ್ದರು. ಇನ್ನೆರಡು ಮೂಲೆ ಹಿಡಿದು ಹಿಂದಕ್ಕೆ ಸರಿದು, ಎಳೆದು ಬಿಗಿ ಮಾಡಿ, ಆಮೇಲೆ ಕಿಟಕಿಯ ಕಡೆಗೆ ನಡೆಯುತ್ತಿದ್ದರು. ಕಿಟಕಿ ಎದುರು ಬಂದು ಕೈಗೆ ಬಟ್ಟೆ ಕೊಡುವುದಿಲ್ಲವಲ್ಲ. ಹಾಗಾಗಿ ಮಡಿಕೆ ಒಂದೊಂದು ಸಲ ಸೊಟ್ಟಗಾಗುತ್ತಿತ್ತು. ಬಿಚ್ಚಿ ಮತ್ತೆ ಮಡಚುತ್ತಿದ್ದರು.

ನಾನು ಇನ್ನೊಂದು ತುದಿ ಹಿಡಿಯಲು ಹೋದರೆ, "ಬಿಡು, ನಿನಗೆ ಬರಲ್ಲ" ಎನ್ನುತ್ತಿದ್ದರು. ಅಮ್ಮ ಹೋದರೂ ಅದೇ ಮಾತು. ಆ ತುದಿ ಹಿಡಿಯುತ್ತಿದ್ದವನು ಒಬ್ಬನಿದ್ದ. ಅವನು ನಮ್ಮ ಮನೆಗೆ ಬರುವುದನ್ನು ಬಿಟ್ಟು ಬಹಳ ವರ್ಷವಾಗಿತ್ತು.

ನಾನು ಲಾಂಡ್ರಿಯ ವ್ಯಾನ್ ಓಡಿಸುತ್ತೇನೆ. ಬರೆಯುವುದು ನನ್ನ ಕೆಲಸವಲ್ಲ. ನನ್ನ ತಮ್ಮ ಕಾಲೇಜಿನಲ್ಲಿ ಮೇಷ್ಟ್ರು, ಇದನ್ನು ಅವನೇ ಬರೆಯಬಹುದಿತ್ತು. ಆದರೆ ಅವನು ಬರೆದರೆ ಉದ್ದವಾಗುತ್ತದೆ.

ಅಪ್ಪ ಲಾಂಡ್ರಿಗೆ ಸೇರಿದ್ದು ಮೀಸೆ ಮೂಡುವ ಮೊದಲು. ಮೊದಲು ಬಟ್ಟೆ ನೆನೆಸುವ ತೊಟ್ಟಿಯ ಹತ್ತಿರ ಹಾಕಿದರು. ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಉಗುರುಗಳು ಸವೆದು ಹೋದವು. ಕೊನೆವರೆಗೂ ಅವು ಸರಿಯಾಗಿ ಬೆಳೆಯಲಿಲ್ಲ. ಅಲ್ಲಿಂದ ಒಗೆಯುವ ಮೆಷಿನ್ನಿಗೆ, ಅಲ್ಲಿಂದ ಇಸ್ತ್ರಿ ಕೋಣೆಗೆ ಬಂದರು. ಕೊನೆಗೆ ಆ ಕೋಣೆಗೇ ಮೇಸ್ತ್ರಿಯಾದರು. ಆಸ್ಪತ್ರೆಯ ಬೆಡ್‌ಶೀಟು, ಹೋಟೆಲಿನ ಟೇಬಲ್ ಬಟ್ಟೆ, ಡಾಕ್ಟರುಗಳ ಬಿಳಿ ಕೋಟು, ಎಲ್ಲ ಅವರ ಕಣ್ಣೆದುರು ಹಾದು ಹೋಗಬೇಕಿತ್ತು.

ಯಾವುದೇ ಮನೆಗೆ, ಯಾವುದೇ ಸಮಾರಂಭಕ್ಕೆ ಹೋಗಲಿ, ಅಪ್ಪ ಕೂತ ಕೂಡಲೇ ಟೇಬಲ್ ಮೇಲಿನ ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದರು. "ಸೋಪು ಉಳಿದಿದೆ" ಎಂದು ಅಮ್ಮನ ಕಿವಿಯಲ್ಲಿ ಹೇಳುತ್ತಿದ್ದರು.

"ನೀವು ಊಟಕ್ಕೆ ಬಂದಿದೀರೋ, ಬಟ್ಟೆ ನೋಡೋಕೆ ಬಂದಿದೀರೋ?" ಎಂದು ಅಮ್ಮ ಗದರುತ್ತಿದ್ದಳು.

ಅಪ್ಪನಿಗೆ ಲಾಂಡ್ರಿಯಲ್ಲಿ ಒಳ್ಳೆಯ ಹೆಸರಿತ್ತು. ಒಂದು ಸೋಪಿನ ಚೂರನ್ನೂ ಮನೆಗೆ ತಂದವರಲ್ಲ. ಮೇಸ್ತ್ರಿ ಹೇಳಿದರೆ ಮುಗಿಯಿತು, ಅದರಲ್ಲಿ ಸ್ವಂತದ್ದು ಏನೂ ಇರುವುದಿಲ್ಲ ಎಂದು ಕೆಲಸದವರೂ ಹೇಳುತ್ತಿದ್ದರು, ಮಾಲೀಕರೂ ಹೇಳುತ್ತಿದ್ದರು. ಅಪ್ಪನಿಗೆ ಆ ಮಾತಿನ ಮೇಲೆ ಬಹಳ ಆಸೆ ಇತ್ತು. ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆದರೆ ಯಾರಾದರೂ ಹಾಗೆಂದ ದಿನ ಮನೆಗೆ ಬಂದು ಇನ್ನೊಂದು ಲೋಟ ಟೀ ಕೇಳುತ್ತಿದ್ದರು.

ಇನ್ನೊಂದು ತುದಿ ಹಿಡಿಯುತ್ತಿದ್ದವನು ಅಮ್ಮನ ತಮ್ಮ, ನಮ್ಮ ಸೋದರಮಾವ. ತಂದೆತಾಯಿ ಬೇಗ ತೀರಿಕೊಂಡಿದ್ದರಿಂದ ಅಮ್ಮನೇ ಅವನನ್ನು ಎತ್ತಿ ಆಡಿಸಿ ಬೆಳೆಸಿದ್ದಳು. ಮದುವೆಯಾಗಿ ಬರುವಾಗ ಜೊತೆಯಲ್ಲೇ ಕರೆದುಕೊಂಡು ಬಂದಳು. ಅಪ್ಪ ಅವನನ್ನು ಲಾಂಡ್ರಿಗೆ ಸೇರಿಸಿ ಇಸ್ತ್ರಿ ಕಲಿಸಿದರು. ಪ್ಯಾಂಟಿಗೆ ಅವನು ಹಾಕಿದ ಗೆರೆ ಎರಡು ಸಲ ಒಗೆದರೂ ಹೋಗುವುದಿಲ್ಲ ಎನ್ನುತ್ತಿದ್ದರು. ಅದಕ್ಕೇ ನಮಗೆ ಅವನು ಗೆರೆ ಮಾವ.

ದೊಡ್ಡ ಬೆಡ್‌ಶೀಟುಗಳನ್ನು ಮಡಚುವಾಗ ಅಪ್ಪ ಒಂದು ಕಡೆ, ಗೆರೆ ಮಾವ ಇನ್ನೊಂದು ಕಡೆ. ಇಬ್ಬರೂ ಒಟ್ಟಿಗೆ ಎಳೆದರೆ ಬಟ್ಟೆ ಟಪ್ ಎನ್ನುತ್ತಿತ್ತು. ಎದುರುಬದುರು ನಡೆದು ಬಂದು, ಮೂಲೆಯನ್ನು ಒಬ್ಬರ ಕೈಯಿಂದ ಇನ್ನೊಬ್ಬರು ತೆಗೆದುಕೊಂಡು, ಮತ್ತೆ ಹಿಂದೆ ಸರಿಯುತ್ತಿದ್ದರು. ಬಟ್ಟೆ ನೋಡುತ್ತಲೇ ಇರಲಿಲ್ಲ. ಬೇರೆ ಏನೋ ಮಾತಾಡುತ್ತಲೇ ಮಡಚುತ್ತಿದ್ದರು. ನಾನು ಚಿಕ್ಕವನಿದ್ದಾಗ ಅಪ್ಪನ ಊಟದ ಡಬ್ಬಿ ಕೊಡಲು ಹೋದವನು ಅಲ್ಲೇ ನಿಂತು ನೋಡುತ್ತಿದ್ದೆ.

ಆಮೇಲೆ ಲಾಂಡ್ರಿಗೆ ಉರುಳೆಯ ಮೆಷಿನ್ ಬಂತು. ಒಂದು ಕಡೆಯಿಂದ ಒದ್ದೆ ಬೆಡ್‌ಶೀಟ್ ಹಾಕಿದರೆ ಇನ್ನೊಂದು ಕಡೆಯಿಂದ ಇಸ್ತ್ರಿಯಾಗಿ ಬರುತ್ತಿತ್ತು. ಮಾಲೀಕರು ಅಪ್ಪನನ್ನು ಕರೆದು, ಇಸ್ತ್ರಿ ಕೋಣೆಯಿಂದ ಒಬ್ಬರು ಹೋಗಬೇಕು, ಯಾರು ಎಂದು ನೀನೇ ಹೇಳು ಎಂದರು.

ಅಪ್ಪ ಗೆರೆ ಮಾವನ ಹೆಸರು ಹೇಳಿದರು.

ಅವತ್ತು ಸಂಜೆ ಮನೆಯಲ್ಲಿ ನಡೆದದ್ದು ನನಗೆ ನೆನಪಿದೆ. ಅಪ್ಪ ಶರ್ಟಿನ ಗುಂಡಿ ಬಿಚ್ಚುತ್ತಾ ಅಮ್ಮನಿಗೆ ಹೇಳಿದರು: "ಅವನ ಕೆಲಸ ಈಚೆಗೆ ಸಡಿಲ ಆಗಿತ್ತು. ನನ್ನವನು ಅಂತ ಉಳಿಸ್ಕೊಂಡ್ರೆ ಮಿಕ್ಕವರು ಏನಂತಾರೆ?"

ಮಾವ ಆಗ ತಾನೇ ಒಳಗೆ ಬಂದಿದ್ದ. ಅಮ್ಮ ಅವನ ಮೇಲೆ ಹರಿಹಾಯ್ದಳು. "ನಿಮ್ಮ ಭಾವನ ಮಾನ ಕಳೆದ್ಯಲ್ಲೋ. ಎತ್ತಿ ಬೆಳೆಸಿದ್ದಕ್ಕೆ ಇದಾ? ಮೈ ಬಗ್ಗಿಸಿ ಕೆಲಸ ಮಾಡಿದ್ರೆ ಯಾಕೆ ತೆಗೀತಿದ್ರು? ಸೋಮಾರಿ!"

ಮಾವ ಅಪ್ಪನ ಮುಖ ನೋಡಿದ. ಅಪ್ಪ ಶರ್ಟನ್ನು ಗೂಟಕ್ಕೆ ಸಿಕ್ಕಿಸುತ್ತಿದ್ದರು. ಮಾವ ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು ಹೋದ. ಮತ್ತೆ ಬರಲಿಲ್ಲ.

ಊರಿನ ಇನ್ನೊಂದು ಕೊನೆಯಲ್ಲಿ, ಒಂದು ಫ್ಲ್ಯಾಟ್ ಕಟ್ಟಡದ ಮೆಟ್ಟಿಲ ಕೆಳಗೆ ಅವನು ಇಸ್ತ್ರಿ ಅಂಗಡಿ ಹಾಕಿಕೊಂಡ ಎಂದು ಆಮೇಲೆ ತಿಳಿಯಿತು. ಅಪ್ಪ ಆ ರಸ್ತೆಯಲ್ಲಿ ಹೋಗುತ್ತಿರಲಿಲ್ಲ. ಅಮ್ಮ ಅವನ ಮಾತೆತ್ತುತ್ತಿರಲಿಲ್ಲ. ಆದರೆ ಯಾರ ಪ್ಯಾಂಟಿನಲ್ಲಾದರೂ ಗೆರೆ ನೆಟ್ಟಗಿದ್ದರೆ ಅವಳ ಕಣ್ಣು ಅಲ್ಲೇ ನಿಲ್ಲುತ್ತಿತ್ತು.

ನಾನು ಓದು ಬಿಟ್ಟು ಅದೇ ಲಾಂಡ್ರಿಯ ವ್ಯಾನ್ ಹತ್ತಿದೆ. ತಮ್ಮ ಓದಿದ. ಮ್ಯಾನೇಜ್‌ಮೆಂಟ್ ಕಲಿಸುವ ಕಾಲೇಜಿನಲ್ಲಿ ಮೇಷ್ಟ್ರಾದ. ಮದುವೆಯಾಗಿರಲಿಲ್ಲ, ಕಾಲೇಜಿನ ಹತ್ತಿರವೇ ಒಂದು ಕೋಣೆ ಮಾಡಿಕೊಂಡಿದ್ದ. ರಜೆಯ ದಿನ ಮನೆಗೆ ಬರುತ್ತಿದ್ದ. ಅಪ್ಪ ಅಷ್ಟರಲ್ಲಿ ವಯಸ್ಸಾಗಿ ಲಾಂಡ್ರಿ ಕೆಲಸ ಬಿಟ್ಟಿದ್ದರು.

ಒಂದು ರಜೆಯ ದಿನ ಬಂದವನು ಫೋನ್ ಹಿಡಿದುಕೊಂಡು ಬಾಗಿಲ ಮೆಟ್ಟಿಲ ಮೇಲೇ ಕೂತ. ಅವರ ಕಾಲೇಜಿನಲ್ಲಿ ಸಮ್ಮೇಳನವಂತೆ. ಅವನ ಹಾಗೆ ಮ್ಯಾನೇಜ್‌ಮೆಂಟ್ ಕಲಿಸುವ ಮೇಷ್ಟ್ರುಗಳೆಲ್ಲ ಒಂದು ಕಡೆ ಸೇರಿ, ಹೇಗೆ ಕಲಿಸುತ್ತೇವೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು. ಕರೆಯುವ ಕೆಲಸ ಇವನಿಗೆ ಬಿದ್ದಿತ್ತು. ಒಬ್ಬರಾದ ಮೇಲೆ ಒಬ್ಬರಿಗೆ ಫೋನ್ ಮಾಡಿ ಒಂದೇ ಮಾತು ಹೇಳುತ್ತಿದ್ದ.

"ಸಾರ್, ದೊಡ್ಡ ಭಾಷಣ ಬೇಡ. ನೀವು ಕ್ಲಾಸಿನಲ್ಲಿ ಮಾಡೋ ಒಂದು ಪಾಠ ತನ್ನಿ. ಅಲ್ಲೇ ಮಾಡಿ ತೋರಿಸಿ. ಗೆದ್ದ ಪಾಠನೂ ಆಗಬಹುದು, ಸೋತ ಪಾಠನೂ ಆಗಬಹುದು."

ಸೊಪ್ಪು ಬಿಡಿಸುತ್ತಿದ್ದ ಅಮ್ಮ ಕೇಳಿಸಿಕೊಂಡು ಸಾಕಾಗಿ ಕೇಳಿದಳು: "ಸೋತಿದ್ದನ್ನ ಹೊತ್ಕೊಂಡು ಬನ್ನಿ ಅಂದ್ರೆ ಯಾರು ಬರ್ತಾರೋ?"

"ಯಾರೂ ತರಲ್ಲಮ್ಮ. ಆದ್ರೂ ಕರೀಬೇಕು."

"ನೀನು ಯಾವುದನ್ನ ತಗೊಂಡು ಹೋಗ್ತೀಯ?"

ತಮ್ಮ ಫೋನ್ ಕೆಳಗಿಟ್ಟ. ಸ್ವಲ್ಪ ನಾಚಿಕೊಂಡ ಹಾಗೆ ಕಂಡ. "ಅದನ್ನೇ ಹೇಳೋಕೆ ಬಂದಿದ್ದು. ನಾನು ಅಪ್ಪನ್ನ ತಗೊಂಡು ಹೋಗ್ತೀನಿ."

ಅಪ್ಪ ಕಿಟಕಿಯ ಹತ್ತಿರ ಬೆಡ್‌ಶೀಟ್ ಮಡಚುತ್ತಿದ್ದರು. ಕೈ ನಿಲ್ಲಿಸಿದರು.

ತಮ್ಮ ವಿವರಿಸಿದ. ಅವನ ಕ್ಲಾಸಿನಲ್ಲಿ ಒಂದು ಪಾಠವಿದೆ. ಒಬ್ಬ ಲಾಂಡ್ರಿ ಮೇಸ್ತ್ರಿ ಒಬ್ಬರನ್ನು ಕೆಲಸದಿಂದ ತೆಗೆಯಬೇಕಾಗುತ್ತದೆ. ಸ್ವಂತ ಭಾಮೈದನನ್ನೇ ತೆಗೆಯುತ್ತಾನೆ. ತನ್ನವರು, ಹೊರಗಿನವರು ಎಂದು ನೋಡದವನೇ ನಿಜವಾದ ಮ್ಯಾನೇಜರ್ ಎನ್ನುವುದು ಪಾಠದ ಕೊನೆ. ಇಷ್ಟು ವರ್ಷ ಹೆಸರು ಹೇಳದೆ ಮಾಡುತ್ತಿದ್ದ. ಈಗ ಎಲ್ಲ ಮೇಷ್ಟ್ರುಗಳ ಎದುರು, ಆ ಮೇಸ್ತ್ರಿ ನಮ್ಮ ಅಪ್ಪ ಎಂದು ಹೇಳಿ, ಅಪ್ಪನನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕು ಎನ್ನುವುದು ಅವನ ಆಸೆ. ಆದರೆ ಬದುಕಿರುವವರ ಮೇಲೆ ಪಾಠ ಮಾಡಿದರೆ ಅವರೆಲ್ಲರ ಒಪ್ಪಿಗೆ ಇರಬೇಕು ಎಂದು ಸಮ್ಮೇಳನದವರೇ ನಿಯಮ ಮಾಡಿದ್ದರು.

"ಎಲ್ಲರದ್ದೂ ಅಂದ್ರೆ ಯಾರ್ಯಾರದು?" ಅಮ್ಮ ಕೇಳಿದಳು.

"ಅಪ್ಪಂದು. ಆಮೇಲೆ ಗೆರೆ ಮಾವಂದು."

ಆ ಹೆಸರು ಮನೆಯೊಳಗೆ ಕೇಳಿ ಅದೆಷ್ಟು ಕಾಲವಾಗಿತ್ತೋ. ಅಮ್ಮನ ಮಡಿಲಿನಿಂದ ಸೊಪ್ಪಿನ ಕಟ್ಟು ಜಾರಿತು.

ಅಪ್ಪ ಬೆಡ್‌ಶೀಟನ್ನು ಕಂಬಿಗೇ ಬಿಟ್ಟು ಬಂದು ಕುರ್ಚಿಯಲ್ಲಿ ಕೂತರು. "ಆ ಪಾಠ ಮಾಡು, ನೋಡೋಣ" ಎಂದರು.

"ಇಲ್ಲೇನಾ?"

"ಇಲ್ಲೇ. ನಾವೇ ಹುಡುಗರು ಅಂದ್ಕೋ."

ತಮ್ಮನಿಗೆ ಖುಷಿಯಾಯಿತು. ಎದ್ದು ಗೋಡೆ ಗಡಿಯಾರದ ಕೆಳಗೆ ನಿಂತ. ಅಮ್ಮ ಮಂಚದ ಮೇಲೆ ಕೂತಳು. ನಾನು ನೆಲದ ಮೇಲೆ ಕೂತೆ. ನನ್ನ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಒರಗಿ, "ಮೇಷ್ಟ್ರೇ, ತಪ್ಪು ಹೇಳಿದ್ರೆ ಬೆಂಚಿನ ಮೇಲೆ ನಿಲ್ಲಿಸ್ತೀರಾ?" ಎಂದಳು.

"ನಮ್ಮ ಕ್ಲಾಸಿನಲ್ಲಿ ತಪ್ಪು ಉತ್ತರ ಅಂತ ಇಲ್ಲ ಅತ್ತಿಗೆ."

"ಹಾಗಾದ್ರೆ ಫೀಸ್ ಯಾಕೆ ತಗೋತೀರ?"

ಅಮ್ಮ ಕೂಡ ನಕ್ಕಳು. ತಮ್ಮ ಗಂಟಲು ಸರಿ ಮಾಡಿಕೊಂಡು ಶುರು ಮಾಡಿದ. ಅವನು ಪಾಠ ಮಾಡುವುದನ್ನು ನಾವು ಯಾರೂ ನೋಡಿರಲಿಲ್ಲ. ದನಿಯೇ ಬೇರೆಯಾಯಿತು.

"ಒಂದು ಲಾಂಡ್ರಿ. ಅಲ್ಲಿ ಒಬ್ಬ ಮೇಸ್ತ್ರಿ. ಹೊಸ ಮೆಷಿನ್ ಬಂದಿದೆ, ಇಸ್ತ್ರಿ ಕೋಣೆಯಿಂದ ಒಬ್ಬರು ಹೋಗ್ಬೇಕು. ಅಲ್ಲಿ ಒಬ್ಬ ವಯಸ್ಸಾದ ಹೆಂಗಸು ಇದಾಳೆ, ಕೆಲಸ ನಿಧಾನ, ಆದ್ರೆ ಒಂದು ದಿನಾನೂ ತಪ್ಪಿಸಲ್ಲ. ಒಬ್ಬ ಕಾಲು ಸರಿ ಇಲ್ಲದವನು, ಇಲ್ಲಿ ಬಿಟ್ರೆ ಬೇರೆ ಕಡೆ ಕೆಲಸ ಸಿಗಲ್ಲ. ಒಬ್ಬಳು ಹೊಸಬಳು, ಬೇಗ ಕಲೀತಿದಾಳೆ. ನಾಲ್ಕನೆಯವನು ಮೇಸ್ತ್ರಿಯ ಭಾಮೈದ, ಅವನ ಕೆಲಸ ಸಾಧಾರಣ. ನೀವೇ ಮೇಸ್ತ್ರಿ. ಯಾರನ್ನ ತೆಗೀತೀರ?"

"ಆ ಮಾಲೀಕನನ್ನೇ ತೆಗೀಬೇಕು" ಎಂದಳು ನನ್ನ ಹೆಂಡತಿ.

"ಈ ಉತ್ತರ ಹಿಂದಿನ ಬೆಂಚಿಂದ ಯಾವಾಗಲೂ ಬರುತ್ತೆ." ತಮ್ಮ ನನ್ನ ಕಡೆ ತಿರುಗಿದ. "ಅಣ್ಣ?"

"ನನ್ನನ್ನ ಕೇಳ್ಬೇಡ" ಎಂದೆ.

"ಅಮ್ಮ, ನೀನು ಹೇಳು."

ಅಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿದಳು. ಅವಳಿಗೆ ಉತ್ತರ ಹೇಳುವುದು ಕಷ್ಟವಾಯಿತು. ಆದರೂ ಹೇಳಿದಳು. "ಚೆನ್ನಾಗಿ ಕೆಲಸ ಮಾಡದವನನ್ನ ತೆಗೀಬೇಕು. ನಾನೇ ಎತ್ತಿ ಬೆಳೆಸಿದವನಾದ್ರೂ ಅಷ್ಟೇ. ನಿಮ್ಮಪ್ಪ ಮಾಡಿದ್ದು ಸರಿ."

ತಮ್ಮ ತಲೆಯಾಡಿಸಿದ. "ಕ್ಲಾಸಿನಲ್ಲೂ ಹೆಚ್ಚಿನವರು ಇದನ್ನೇ ಹೇಳ್ತಾರೆ."

"ಅವನ ಕೆಲಸ ಸಾಧಾರಣ ಅಲ್ಲ" ಎಂದರು ಅಪ್ಪ.

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ. ತಮ್ಮ "ಏನಪ್ಪಾ?" ಎಂದ.

"ಅವನೇ ಎಲ್ಲರಿಗಿಂತ ಚೆನ್ನಾಗಿ ಮಾಡ್ತಿದ್ದ. ನಾನು ಕಲಿಸಿದ್ದು, ಆದ್ರೆ ನನಗಿಂತ ಚೆನ್ನಾಗಿ ಮಾಡ್ತಿದ್ದ. ಸಡಿಲ ಆಗಿತ್ತು ಅಂದಿದ್ದು ಸುಳ್ಳು."

"ಮತ್ಯಾಕೆ ತೆಗೆದ್ರಿ?"

"ಬೇರೆ ಯಾರ ಹೆಸರು ಹೇಳಿದ್ರೂ, ಮೇಸ್ತ್ರಿ ತನ್ನ ಭಾಮೈದನ್ನ ಉಳಿಸ್ಕೊಂಡ ಅಂತಿದ್ರು. ಆ ಒಂದು ಮಾತು ನನಗೆ ಬೇಡ ಇತ್ತು."

ಅಮ್ಮ ಮಂಚದಿಂದ ಏಳಲಿಲ್ಲ. ದನಿ ಏರಿಸಲೂ ಇಲ್ಲ. "ಅವತ್ತು ನಾನು ಅವನಿಗೆ ಸೋಮಾರಿ ಅಂದೆ. ನೀವು ಅಲ್ಲೇ ಇದ್ರಿ."

"ಇದ್ದೆ."

"ಕೇಳಿಸ್ಕೊಂಡ್ರಿ."

"ಕೇಳಿಸ್ಕೊಂಡೆ."

"ಸುಮ್ನಿದ್ರಿ."

"ಸುಮ್ನಿದ್ದೆ" ಎಂದರು ಅಪ್ಪ.

ಅಮ್ಮ ಕೆಳಗೆ ಬಿದ್ದಿದ್ದ ಸೊಪ್ಪನ್ನು ಒಂದೊಂದೇ ಎಳೆ ಆರಿಸಿ ತಟ್ಟೆಗೆ ಹಾಕತೊಡಗಿದಳು. ನನ್ನ ಹೆಂಡತಿ ಬಂದು ಪಕ್ಕದಲ್ಲಿ ಕೂತಳು. ಒಲೆಯ ಮೇಲೆ ಇಟ್ಟಿದ್ದು ಸೀದ ವಾಸನೆ ಬಂದರೂ ಯಾರೂ ಏಳಲಿಲ್ಲ.

ತಮ್ಮ ಗಡಿಯಾರದ ಕೆಳಗಿನಿಂದ ಬಂದು ನೆಲದ ಮೇಲೆ ಕೂತ. ಅಷ್ಟು ವರ್ಷ, ಅಷ್ಟು ಕ್ಲಾಸುಗಳಲ್ಲಿ, ಅವನು ಮಾವನನ್ನು ಸಾಧಾರಣ ಎಂದು ಹೇಳಿ ಹೇಳಿ ತೆಗೆಸಿದ್ದ. "ನಾನು ಇದನ್ನ ಬಿಟ್ಬಿಡ್ತೀನಿ. ಬೇರೆ ಪಾಠ ತಗೊಂಡು ಹೋಗ್ತೀನಿ" ಎಂದ.

"ಬಿಡಬೇಡ" ಎಂದರು ಅಪ್ಪ. "ಸರಿಯಾಗಿ ಹೇಳು. ಅವನು ಒಪ್ಪಿದ್ರೆ."

ಒಪ್ಪಿಗೆ ಕೇಳಲು ಯಾರು ಹೋಗಬೇಕು ಎಂದು ಅಮ್ಮನೇ ತೀರ್ಮಾನ ಮಾಡಿದಳು. "ಮೊದಲು ನಾನು. ನೀವೆಲ್ಲ ನನ್ನ ಹಿಂದೆ" ಎಂದಳು. ಆ ವಾರವೆಲ್ಲ ಅವಳು ಅಪ್ಪನಿಗೆ ಊಟ ಬಡಿಸಿದಳು, ಟೀ ಕೊಟ್ಟಳು, ಮಾತು ಮಾತ್ರ ಆಡಲಿಲ್ಲ. ಅಪ್ಪ ಆಡಿಸಲು ಹೋಗಲೂ ಇಲ್ಲ.

ರಜೆಯ ದಿನ ಬೆಳಿಗ್ಗೆ ಲಾಂಡ್ರಿಯ ವ್ಯಾನಿನಲ್ಲೇ ಹೋದೆವು. ಅಮ್ಮ ಮುಂದೆ ನನ್ನ ಪಕ್ಕ. ಅಪ್ಪ ಮತ್ತು ತಮ್ಮ ಹಿಂದೆ, ಖಾಲಿ ಬುಟ್ಟಿಗಳ ನಡುವೆ.

ಮೆಟ್ಟಿಲ ಕೆಳಗಿನ ಆ ಜಾಗದಲ್ಲಿ ನೆಟ್ಟಗೆ ನಿಲ್ಲಲು ಆಗುವುದು ಒಂದೇ ಕಡೆ. ಅಲ್ಲಿ ಟೇಬಲ್ ಇತ್ತು. ಟೇಬಲ್ ಮೇಲೆ ಕಂಬಳಿ ಹಾಸಿ, ಅದರ ಮೇಲೆ ಸುಟ್ಟ ಕಲೆಗಳ ಒಂದು ಬಟ್ಟೆ. ಮೇಲೆ ತಂತಿಗೆ ಶರ್ಟುಗಳು ತೂಗುತ್ತಿದ್ದವು. ಮೆಟ್ಟಿಲಲ್ಲಿ ಯಾರಾದರೂ ಇಳಿದರೆ ತಲೆಯ ಮೇಲೆ ನಡೆದ ಹಾಗೆ ಸದ್ದು. ಮಾವನ ಕೂದಲು ಬೆಳ್ಳಗಾಗಿತ್ತು, ಕನ್ನಡಕ ಬಂದಿತ್ತು. ಅಮ್ಮನನ್ನು ಕಂಡು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದ.

"ಅಕ್ಕ, ಬಟ್ಟೆ ತಂದ್ಯಾ?"

"ಇಲ್ಲ."

"ಮತ್ತೆ ಇಸ್ತ್ರಿ ಅಂಗಡಿಗೆ ಯಾಕೆ ಬಂದೆ?"

"ಅವತ್ತು ನಿನ್ನ ಮೇಲೆ ಬಾಯಿ ಮಾಡಿದ್ನಲ್ಲ, ಆ ಮಾತನ್ನ ವಾಪಸ್ ತಗೊಂಡು ಹೋಗೋಣ ಅಂತ ಬಂದೆ" ಎಂದಳು ಅಮ್ಮ.

ಮಾವ ತಾನು ಕೂರುತ್ತಿದ್ದ ಸ್ಟೂಲನ್ನು ಅವಳ ಕಡೆ ಸರಿಸಿದ. "ಕೂತ್ಕೋ. ನಿನಗೆ ಗೊತ್ತಿರಲಿಲ್ಲ ಅಂತ ನನಗೆ ಗೊತ್ತಿತ್ತು."

"ಹಾಗಾದ್ರೆ ಯಾಕೋ ಹೇಳಲಿಲ್ಲ?"

"ಏನಂತ ಹೇಳ್ಲಿ? ನಿನ್ನ ಗಂಡ ಸುಳ್ಳು ಹೇಳ್ತಿದಾನೆ ಅಂತಾನಾ? ಆಮೇಲೆ ನೀನು ಆ ಮನೇಲಿ ಹೇಗೆ ಇರ್ತಿದ್ದೆ?"

ಅಮ್ಮ ಮುಖ ಮುಚ್ಚಿಕೊಂಡಳು. ಮಾವ ಟೇಬಲ್ ಮೇಲಿದ್ದ ಶರ್ಟಿನ ತೋಳನ್ನು ಸುಮ್ಮನೆ ಸರಿ ಮಾಡುತ್ತಾ ನಿಂತ. ಅಪ್ಪ ಹೊರಗೆ ಬಿಸಿಲಲ್ಲೇ ನಿಂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಮಾವ ಅತ್ತ ನೋಡದೆಯೇ, "ಭಾವ, ಬಿಸಿಲಲ್ಲಿ ಯಾಕೆ? ನೆರಳಿಗೆ ಬನ್ನಿ" ಎಂದ.

ಅಪ್ಪ ತಲೆ ಬಗ್ಗಿಸಿ ಒಳಗೆ ಬಂದರು. ಅಲ್ಲಿ ಯಾರಾದರೂ ಬಗ್ಗಿಯೇ ಬರಬೇಕು. "ನನ್ನದು ತಪ್ಪಾಯ್ತು" ಎಂದರು.

"ಗೊತ್ತು" ಎಂದ ಮಾವ. ಇಸ್ತ್ರಿಪೆಟ್ಟಿಗೆ ಎತ್ತಿಕೊಂಡು ಕೆಲಸ ಮುಂದುವರಿಸಿದ.

ತಮ್ಮ ಸಮ್ಮೇಳನದ ವಿಷಯ ಹೇಳಿದ. ಪಾಠದ ವಿಷಯ ಹೇಳಿದ. ಯಾವ ಮಾತು ತಪ್ಪಾಗಿತ್ತು, ಅದನ್ನು ಹೇಗೆ ತಿದ್ದುತ್ತೇನೆ ಎಂದೂ ಹೇಳಿದ. ನಿನ್ನ ಒಪ್ಪಿಗೆ ಬೇಕು ಮಾವ ಎಂದ. ಮಾವ ಶರ್ಟಿನ ಕಾಲರ್ ತಿರುಗಿಸಿ ಒಳಗಿನಿಂದ ಇಸ್ತ್ರಿ ಹಾಕಿದ, ಹೊರಗಿನಿಂದ ಹಾಕಿದ, ಮಡಚಿ ಬದಿಗಿಟ್ಟ. ಆಮೇಲೆ ಅಪ್ಪನ ಕಡೆ ತಿರುಗಿದ.

"ಒಪ್ಪಿಗೆ ಕೇಳ್ಬೇಕಾಗಿದ್ದು ಅವತ್ತು, ಭಾವ. ನನ್ನ ಕರೆದು ಕೂರಿಸ್ಕೊಂಡು, ಲೋ, ನನ್ನ ಹೆಸರು ಉಳೀಬೇಕು, ನೀನು ಹೋಗ್ತೀಯಾ ಅಂತ ಒಂದು ಮಾತು ಕೇಳಿದ್ರೆ ಹೋಗ್ತಿದ್ದೆ. ನಗ್ತಾ ಹೋಗ್ತಿದ್ದೆ. ನೀವು ಕೇಳಲಿಲ್ಲ. ನನ್ನ ಕೈ ಸರಿ ಇಲ್ಲ ಅಂದ್ರಿ. ಈ ಕೈನ."

ಎಡಗೈಯನ್ನು ಮುಂದೆ ಚಾಚಿದ. ಬೆರಳುಗಳ ಹಿಂದೆ ಹಳೆಯ ಸುಟ್ಟ ಗುರುತುಗಳಿದ್ದವು. ಅಪ್ಪ ಆ ಕೈಯನ್ನು ನೋಡಿದರು. ಮುಟ್ಟಲಿಲ್ಲ.

ಮೇಲೆ ಯಾರೋ ಮೆಟ್ಟಿಲಿಳಿದು ಹೋದರು. ಮಾವ, "ಈಗ ಹೋಗಿ. ಗಿರಾಕಿ ಬರೋ ಹೊತ್ತು" ಎಂದ. ಅಮ್ಮನಿಗೆ ಮಾತ್ರ, "ನೀನು ಇರೋದಾದ್ರೆ ಇರು" ಎಂದ. ಅಮ್ಮ ಉಳಿದಳು. ಸಂಜೆ ನಾನು ಹೋಗಿ ಕರೆದುಕೊಂಡು ಬಂದೆ. ಇಬ್ಬರೂ ಏನು ಮಾತಾಡಿದರೋ ಗೊತ್ತಿಲ್ಲ. ಅವತ್ತು ರಾತ್ರಿ ಅವಳು ಅಪ್ಪನಿಗೆ, "ಇನ್ನೊಂದು ಸ್ವಲ್ಪ ಹಾಕ್ಲಾ?" ಎಂದು ಕೇಳಿದ್ದೇ ಮೊದಲ ಮಾತು.

ಮಾವನ ಉತ್ತರ ಬಂದದ್ದು ನನ್ನ ಕೈಯಲ್ಲಿ. ಲಾಂಡ್ರಿಯ ಬಟ್ಟೆ ತುಂಬಿಕೊಂಡು ಆ ರಸ್ತೆಯಲ್ಲಿ ಹೋಗುವಾಗ ಅವನು ಕೈ ಅಡ್ಡ ಹಿಡಿದು ವ್ಯಾನ್ ನಿಲ್ಲಿಸಿದ.

"ನಿನ್ನ ತಮ್ಮನಿಗೆ ಹೇಳು, ಪಾಠ ಮಾಡ್ಲಿ. ಸಾಧಾರಣ ಅನ್ನೋ ಮಾತು ಮಾತ್ರ ಬಾಯಿಗೆ ಬರಬಾರದು. ಆಮೇಲೆ, ಭಾವ ಅಲ್ಲಿ ಕೂತು ಕೇಳ್ಬೇಕು."

"ನೀನೂ ಬಾ ಮಾವ."

"ನನಗೆ ಅಂಗಡಿ ಇದೆ" ಎಂದು ಹೊರಟುಹೋದ.

ಸಮ್ಮೇಳನದ ದಿನ ಕಾಲೇಜಿನ ದೊಡ್ಡ ಹಾಲಿನಲ್ಲಿ ಉದ್ದುದ್ದ ಟೇಬಲ್‌ಗಳು. ಅವುಗಳ ಮೇಲೆ ಬಿಳಿ ಬಟ್ಟೆ. ಆ ಬಟ್ಟೆಗಳು ನಮ್ಮ ಲಾಂಡ್ರಿಯವೇ, ಹಿಂದಿನ ದಿನ ನಾನೇ ತಂದಿಳಿಸಿದ್ದೆ. ಬೇರೆ ಬೇರೆ ಊರುಗಳಿಂದ ಮೇಷ್ಟ್ರುಗಳು ಬಂದಿದ್ದರು. ಎಲ್ಲರ ಎದೆಯ ಮೇಲೂ ಹೆಸರಿನ ಚೀಟಿ. ತಮ್ಮ ಅಪ್ಪನಿಗೆ ಮುಂದಿನ ಸಾಲಿನಲ್ಲಿ ಜಾಗ ಇಟ್ಟಿದ್ದ. ಅಪ್ಪ ಹೋಗಿ ಕೊನೆಯ ಸಾಲಿನಲ್ಲಿ ಕೂತರು. ನಾನು ಪಕ್ಕದಲ್ಲಿ ಕೂತೆ. ಅಪ್ಪ ಟೇಬಲ್ ಬಟ್ಟೆಯನ್ನು ಮುಟ್ಟಿ ನೋಡಲಿಲ್ಲ. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಒಬ್ಬೊಬ್ಬರೇ ಎದ್ದು ತಮ್ಮ ಪಾಠ ಮಾಡಿ ತೋರಿಸಿದರು. ಒಬ್ಬರು ಎಲ್ಲರ ಕೈಯಲ್ಲೂ ಕಾಗದದ ಲೋಟಗಳಿಂದ ಗೋಪುರ ಕಟ್ಟಿಸಿದರು. ಇನ್ನೊಬ್ಬರು ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ಜಗಳವಾಡಿಸಿ, ಆಮೇಲೆ ರಾಜಿ ಮಾಡಿಸಿದರು. ಎಲ್ಲ ಚೆನ್ನಾಗಿತ್ತು. ಎಲ್ಲವೂ ಗೆದ್ದ ಪಾಠಗಳೇ. ಅಮ್ಮ ಹೇಳಿದ್ದು ಸರಿಯಾಗಿತ್ತು.

ತಮ್ಮನ ಸರದಿ ಬಂತು. ಅವನು ಮೈಕಿನ ಮುಂದೆ ಬಂದು ನಿಂತ.

"ನಿಮ್ಮನ್ನೆಲ್ಲ ಕರೆಯುವಾಗ, ಸೋತ ಪಾಠವನ್ನೂ ತರಬಹುದು ಎಂದು ಹೇಳಿದ್ದೆ. ನಾನು ಅದನ್ನೇ ತಂದಿದ್ದೇನೆ" ಎಂದ.

ಮೊದಲು ಹಳೆಯ ಪಾಠ ಹೇಳಿದ. ಆಮೇಲೆ, ಇದರಲ್ಲಿ ಒಂದು ಮಾತು ಸುಳ್ಳು, ಅದನ್ನು ನಾನು ಪರೀಕ್ಷಿಸದೆ ವರ್ಷಗಟ್ಟಲೆ ಹೇಳುತ್ತಾ ಬಂದೆ ಎಂದ. ಭಾಮೈದ ಆ ಕೋಣೆಯ ಎಲ್ಲರಿಗಿಂತ ಒಳ್ಳೆಯ ಕೆಲಸಗಾರ ಎಂದು ತಿದ್ದಿ, ಮತ್ತೆ ಅದೇ ಪ್ರಶ್ನೆ ಕೇಳಿದ. ಯಾರನ್ನು ತೆಗೆಯುತ್ತೀರಿ?

ಈ ಸಲ ಯಾರ ಉತ್ತರವೂ ಇನ್ನೊಬ್ಬರ ಉತ್ತರಕ್ಕೆ ಹೊಂದಲಿಲ್ಲ. ಹೊಸಬಳನ್ನು ತೆಗೆಯಬೇಕು ಎಂದರು ಒಬ್ಬರು. ಆ ಹುಡುಗಿ ಏನು ತಪ್ಪು ಮಾಡಿದಳು ಎಂದರು ಇನ್ನೊಬ್ಬರು. ಮೇಸ್ತ್ರಿ ಮಾಡಿದ್ದೇ ಸರಿ, ಅವನ ಮೇಲೆ ನಂಬಿಕೆ ಹೋಗಿದ್ದರೆ ಇಡೀ ಕೋಣೆ ಕೆಡುತ್ತಿತ್ತು ಎಂದು ಒಬ್ಬ ವಯಸ್ಸಾದ ಮೇಷ್ಟ್ರು ವಾದ ಮಾಡಿದರು. ಆ ಮಾತಿನಲ್ಲೂ ಹುರುಳಿತ್ತು ಎಂದು ನನಗನ್ನಿಸಿತು. ಅಪ್ಪ ಯಾರು ಮಾತಾಡುತ್ತಾರೋ ಅವರ ಕಡೆಗೇ ತಿರುಗಿ ಕೇಳುತ್ತಿದ್ದರು.

ಆಗ ಮಧ್ಯದ ಸಾಲಿನಿಂದ ಒಬ್ಬ ಮೇಡಂ ಎದ್ದು, "ನಾವೆಲ್ಲ ಹೇಳ್ತಾ ಇದೀವಿ. ಆ ಮೇಸ್ತ್ರಿ ಈಗ ಏನಂತಾರೆ?" ಎಂದು ಕೇಳಿದರು.

ತಮ್ಮ ಕೊನೆಯ ಸಾಲಿನ ಕಡೆ ನೋಡಿದ. ಹೆಸರು ಹೇಳಲಿಲ್ಲ.

ಅಪ್ಪ ಟೇಬಲ್ ಹಿಡಿದು ಎದ್ದು ನಿಂತರು. ಮೈಕ್ ಕೊಡಲು ಯಾರೋ ಓಡಿ ಬಂದರು. ಅಪ್ಪ ಅದನ್ನು ತೆಗೆದುಕೊಳ್ಳಲಿಲ್ಲ.

"ನನಗೆ ಮಾತಾಡೋಕೆ ಬರಲ್ಲ. ಆ ಮೇಸ್ತ್ರಿ ನಾನೇ" ಎಂದರು. "ನನ್ನ ಹೆಸರಿಗೆ ಕಲೆ ಆಗಬಾರದು ಅಂತ ಅವನ ಕೆಲಸಕ್ಕೆ ಕಲೆ ಹಚ್ಚಿದೆ. ಯಾರನ್ನ ತೆಗೀಬೇಕಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಆದ್ರೆ ಅವನನ್ನ ಕೂರಿಸ್ಕೊಂಡು ಕೇಳ್ಬೇಕಿತ್ತು. ಅದು ಗೊತ್ತು."

ಕೂತುಬಿಟ್ಟರು. ಯಾರೋ ಚಪ್ಪಾಳೆ ತಟ್ಟಲು ಹೋಗಿ ನಿಲ್ಲಿಸಿದರು. ತಮ್ಮ, "ನನ್ನ ಪಾಠ ಇಷ್ಟೇ. ಇದಕ್ಕೆ ಈಗ ಕೊನೆಯ ಮಾತು ಇಲ್ಲ" ಎಂದು ಇಳಿದ.

ಅಪ್ಪನಿಗೆ ನೀರು ತರೋಣ ಎಂದು ನಾನು ಎದ್ದು ತಿರುಗಿದೆ. ಬಾಗಿಲ ಹತ್ತಿರ ಗೋಡೆಗೆ ಒರಗಿ ಗೆರೆ ಮಾವ ನಿಂತಿದ್ದ. ಯಾವಾಗ ಬಂದನೋ ಗೊತ್ತಿಲ್ಲ. ಹಾಕಿಕೊಂಡಿದ್ದ ಶರ್ಟು ಹಳೆಯದು, ತೋಳಿನ ಗೆರೆ ಮಾತ್ರ ಭುಜದಿಂದ ಮಣಿಕಟ್ಟಿನವರೆಗೆ ನೂಲು ಹಿಡಿದ ಹಾಗಿತ್ತು. ನನ್ನನ್ನು ನೋಡಿ, ಹೇಳಬೇಡ ಎನ್ನುವ ಹಾಗೆ ಸಣ್ಣಗೆ ತಲೆಯಾಡಿಸಿದ.

ಎಲ್ಲ ಮುಗಿದು ಮೇಷ್ಟ್ರುಗಳು ಟೀ ಕುಡಿಯಲು ಹೊರಗೆ ಹೋದರು. ಬಟ್ಟೆಗಳನ್ನು ವ್ಯಾನಿಗೆ ತುಂಬುವುದು ನನ್ನ ಕೆಲಸ. ನಾನು ಬುಟ್ಟಿ ತರುವಷ್ಟರಲ್ಲಿ ಅಪ್ಪ ಒಂದು ಟೇಬಲಿನ ಬಟ್ಟೆ ತೆಗೆದು ಎರಡು ಮೂಲೆ ಹಿಡಿದು ನಿಂತಿದ್ದರು. ಕೊಳೆ ಬಟ್ಟೆ, ಮಡಚುವ ಅಗತ್ಯವೇ ಇಲ್ಲ. ಆದರೆ ಅವರ ಕೈಗೆ ಬಟ್ಟೆ ಸಿಕ್ಕರೆ ಸುಮ್ಮನಿರುವುದಿಲ್ಲ. ಸಿಕ್ಕಿಸಲು ಕಂಬಿ ಹುಡುಕುತ್ತಾ ಕಿಟಕಿಯ ಕಡೆ ನೋಡಿದರು. ಅಲ್ಲಿ ಕಂಬಿ ಇರಲಿಲ್ಲ. ಬರೀ ಗಾಜು.

ನೆಲಕ್ಕೆ ಬಿದ್ದಿದ್ದ ಇನ್ನೊಂದು ತುದಿ ಮೇಲೆದ್ದಿತು.

"ಎಳೀರಿ ಭಾವ" ಎಂದ ಮಾವ.

ಅಪ್ಪ ತಿರುಗಿ ಮಾವನನ್ನು ನೋಡಿದರು. ಆಮೇಲೆ ಎಳೆದರು. ಬಟ್ಟೆ ಟಪ್ ಎಂದಿತು. ಇಬ್ಬರೂ ಎದುರುಬದುರು ನಡೆದು ಬಂದರು. ಮೊದಲಿನ ಹಾಗೆ ಬೇರೆ ಕಡೆ ನೋಡುತ್ತಿರಲಿಲ್ಲ, ಬಟ್ಟೆಯನ್ನೇ ನೋಡುತ್ತಿದ್ದರು. ಮಾವನ ಕೈಯಿಂದ ಮೂಲೆಗಳನ್ನು ತೆಗೆದುಕೊಳ್ಳುವಾಗ ಅಪ್ಪನ ಬೆರಳು ತಡವರಿಸಿತು. ಮಾವ ಆತುರ ಮಾಡಲಿಲ್ಲ. ಮೂಲೆ ಸರಿಯಾಗಿ ಸಿಗುವವರೆಗೂ ಹಿಡಿದುಕೊಂಡೇ ಇದ್ದ.

ಮಡಚಿದ್ದನ್ನು ಮಾವ ಎರಡು ಬೆರಳಲ್ಲಿ ತಿಕ್ಕಿ ನೋಡಿದ. "ಸೋಪು ಉಳಿದಿದೆ" ಎಂದ.

ಅಪ್ಪನೂ ತಿಕ್ಕಿ ನೋಡಿದರು. "ಹೌದು. ಈಗಿನವರಿಗೆ ಜಾಲಿಸೋಕೆ ಬರಲ್ಲ."

ಅವು ನಮ್ಮ ಲಾಂಡ್ರಿಯ ಬಟ್ಟೆಗಳು ಎಂದು ನಾನು ಹೇಳಲಿಲ್ಲ. ಬುಟ್ಟಿಯನ್ನು ಅವರ ಹತ್ತಿರ ಇಟ್ಟು ಬದಿಗೆ ನಿಂತೆ. ಹಾಲಿನ ತುಂಬ ಇನ್ನೂ ಟೇಬಲ್‌ಗಳಿದ್ದವು. ಇಬ್ಬರೂ ಮುಂದಿನ ಟೇಬಲಿಗೆ ಹೋದರು.